ನೆಂಟರ ಖರ್ಚು

ನರೈಲ್ ದಾಟಿ ಚಿತ್ರಾ ನದಿ ಸೊಂಟ ತಿರುಗಿಸುವಲ್ಲಿ ನಮ್ಮ ಕೇರಿ.
ಮನೆಗೊಂದು ಬಲೆ, ಬಲೆಗೆರಡು ನೀರುನಾಯಿ.
ದೊಡ್ಡವಕ್ಕೆ ಎದೆಪಟ್ಟಿ, ಬಿದಿರ ಗಳುವಿಗೆ ಹಗ್ಗ;
ಮರಿಗಳಿಗೆ ಹಗ್ಗವಿಲ್ಲ, ತಾಯಿಯೇ ಹಗ್ಗ.
ಅಪ್ಪ ಗಳು ಕುಣಿಸಿದರೆ ಅವು ಜೊಂಡಿನ ಬುಡಕ್ಕೆ ನುಗ್ಗಿ,
ಕಿರುಚಿ, ಕೆದಕಿ, ಅಡಗಿದ ಮೀನನ್ನು ಬಲೆಗೆ ಅಟ್ಟುತ್ತಿದ್ದವು.
ತಾವು ತಿನ್ನುತ್ತಿರಲಿಲ್ಲವೆಂದರೆ ಸುಳ್ಳು.
ತಿನ್ನುತ್ತಿದ್ದವು. ಅಪ್ಪ ಆಗ ಗಾಳಿಗೆ ಬೆನ್ನು ಮಾಡಿ
ಬೀಡಿ ಹಚ್ಚುತ್ತಿದ್ದ.

ನಮ್ಮ ಹಳೆಯದರ ಹೆಸರು ಟುನಿ.
ಒದ್ದೆ ಮೂಗನ್ನು ನನ್ನ ಅಂಗೈಯಲ್ಲಿಟ್ಟು ಅವಳು ನಿದ್ದೆ ಹೋದ ದಿನ
ನನಗೆ ಎಂಟು ವರ್ಷ.
ಕೈ ಜೋಮು ಹಿಡಿದರೂ ಕದಲಿಸಲಿಲ್ಲ.
ನಾನು ಮಾಡಿದ ತಪಸ್ಸು ಅಷ್ಟೇ.

ದೊಡ್ಡಪ್ಪ ಅನಾದಿ ಮಾಲೋ
ಬಲೆ ಮಾರಿ ಸಿಗಡಿ ಕೊಳ ತೋಡಿಸಿದವನು.
ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ:
ಸುಣ್ಣಕ್ಕೆ ಇಷ್ಟು, ಬಸವನಹುಳದ ಮಾಂಸಕ್ಕೆ ಇಷ್ಟು,
ಕಳ್ಳರಿಗೆ ಇಷ್ಟು.
ಕಳ್ಳರೆಂದರೆ ಕಾಡು ನೀರುನಾಯಿಗಳು,
ಹೆಸರಿಲ್ಲದವು,
ರಾತ್ರಿ ಬಂದು ಬೆಳಗಿಗೆ ಸಿಗಡಿಯ ಮೀಸೆ ಮಾತ್ರ ಉಳಿಸುವವು.

ಢಾಕಾದಿಂದ ಒಬ್ಬ ಆಫೀಸರಮ್ಮ ಚಾರ್ಟು ತಂದಳು:
ಮೇಲೆ ನೀರುನಾಯಿ, ಕೆಳಗೆ ಪಾಚಿ, ನಡುವೆ ಬಾಣಗಳು.
ದೊಡ್ಡಪ್ಪ ಚಹಾ ಕೊಟ್ಟ, ಬಿಸ್ಕತ್ತು ಕೊಟ್ಟ,
ಎಲ್ಲದಕ್ಕೂ ತಲೆಯಾಡಿಸಿದ.
ಆಕೆಯ ದೋಣಿ ತಿರುವು ದಾಟುವ ಮೊದಲೇ ಕಮ್ಮಾರನಿಗೆ ಹೇಳಿಕಳಿಸಿದ:
ಬೋನಿಗೆ ಹಲ್ಲು ಬೇಡ, ಬಾಗಿಲು ಸಾಕು,
ತೊಗಲಿಗೆ ತೂತು ಬಿದ್ದರೆ ಬೆಲೆ ಇಳಿಯುತ್ತದೆ.

ಕಾರ್ತಿಕದ ಒಂದು ರಾತ್ರಿ ಬಾಗಿಲು ಬಿತ್ತು.
ಆ ಕೂಗು ಕೇಳಿಲ್ಲದವರಿಗೆ ಹೇಗೆ ಹೇಳಲಿ?
ಹಾಲು ಬಿಡಿಸಿದ ಕೂಸು ಕತ್ತಲಲ್ಲಿ ಹಟ ಹಿಡಿದ ಹಾಗೆ.
ಕೊಳದಿಂದ ಒಂದು ಕೂಗು.
ನಮ್ಮ ದೋಣಿಯ ಗೂಡಿನಿಂದ ಟುನಿಯದೊಂದು.
ಮತ್ತೆ ಅಲ್ಲಿಂದ. ಮತ್ತೆ ಇಲ್ಲಿಂದ.
ನಡುವೆ ದೊಡ್ಡಪ್ಪನ ಮನೆ.

ಅವನು ಕಿಟಕಿ ಮುಚ್ಚಿದ. ರೇಡಿಯೋ ಹಾಕಿದ. ರೇಡಿಯೋ ಆರಿಸಿದ.
ಬೆಳಗಿನ ಜಾವ ಲಾಟೀನು ಹಿಡಿದು ಹೊರಟಾಗ
ಹಿಂದೆ ನಾನೂ ಹೋದೆ.
ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ.
ಅದೂ ನೋಡಿತು. ಮುಂಗಾಲಿನ ಉಗುರು ಕಿತ್ತು ರಕ್ತ.
ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದ ಹಾಗೆ ಹೇಳಿದ:
“ಅಮ್ಮ ಸತ್ತ ವರ್ಷ ನನ್ನ ಪಕ್ಕ ಒಂದು ಮಲಗುತ್ತಿತ್ತು.
ಭೋಲಿ. ನಾನು ಅತ್ತರೆ ಕಿವಿ ನೆಕ್ಕುತ್ತಿತ್ತು.
ಇದರದೂ ಅದೇ ನಾತ.”

ಬಾಗಿಲೆತ್ತಿದ.
ಅದು ಕೃತಜ್ಞತೆಯಿಂದ ತಿರುಗಿ ನೋಡಲಿಲ್ಲ.
ಅವನ ಹೆಬ್ಬೆರಳು ಕಚ್ಚಿ ನೀರಿಗೆ ಬಿತ್ತು.
ನಾಲ್ಕು ಹೊಲಿಗೆ.

ಈಗ ಬೋನಿನಲ್ಲಿ ಕೋಳಿಗಳು.
ಕೊಳದ ಮೂಡಣ ಮೂಲೆಯಲ್ಲಿ ಜೊಂಡು ಕೊಯ್ಯುವುದಿಲ್ಲ,
ಬೇಲಿಯಲ್ಲಿ ಒಂದು ಕಿಂಡಿ, ಮುಚ್ಚಲು ಪುರುಸೊತ್ತಿಲ್ಲವಂತೆ.
ಪಕ್ಕದ ಕೊಳದವರು ಮೊದಲು ನಕ್ಕರು.
ಆಮೇಲೆ ಇಬ್ಬರಿಗೆ ಅದೇ ಕಾಯಿಲೆ, ಅವರ ಬೇಲಿಗೂ ಕಿಂಡಿ.
ಆಫೀಸರಮ್ಮ ಮತ್ತೆ ಬಂದಾಗ, ಚಾರ್ಟು ಬಿಚ್ಚುವ ಮೊದಲೇ
ದೊಡ್ಡಪ್ಪ ಹೆಬ್ಬೆರಳು ತೋರಿಸಿದ.
ಪುಸ್ತಕದಲ್ಲಿ ‘ಕಳ್ಳರಿಗೆ’ ಎಂಬುದಕ್ಕೆ ಅಡ್ಡಗೆರೆ,
ಮೇಲೆ ನಡುಗುವ ಅಕ್ಷರ: ‘ನೆಂಟರ ಖರ್ಚು.’
ನೆಂಟರು ಜಾಸ್ತಿಯಾದರೆಂದು ಪ್ರತಿ ತಿಂಗಳೂ ಗೊಣಗುತ್ತಾನೆ.

ನನಗೆ ಮಾತ್ರ ಒಂದು ಮುಳ್ಳು ಗಂಟಲಲ್ಲೇ ಇದೆ.
ಹೆಸರಿಲ್ಲದವುಗಳ ಕೂಗು ನಮಗೆ ಕೇಳಿಸಿದ್ದು
ಹೆಸರಿಟ್ಟವಳಿಂದ. ಅವಳನ್ನು ನಾವು ಕಟ್ಟಿಹಾಕಿದ್ದೆವು.

ಕಳೆದ ಮಾಘದಲ್ಲಿ ಟುನಿಯ ಎದೆಪಟ್ಟಿ ಬಿಚ್ಚಿದೆ.
ರೋಮ ಸವೆದ ಜಾಗ ಕೆಂಪಗಿತ್ತು.
ಹೋಗಲಿಲ್ಲ. ನನ್ನ ಮೇಲಿನ ಪ್ರೀತಿಯೋ,
ಹೋಗುವುದು ಹೇಗೆಂದು ಮರೆತಿದ್ದಾಳೋ,
ನಾನು ಕೇಳಲಾರೆ, ಅವಳು ಹೇಳಲಾರಳು.
ರಾತ್ರಿ ದೋಣಿಯ ಅಂಚಿನಲ್ಲಿ ನಿಂತು ಕೊಳದ ಕಡೆಗೊಮ್ಮೆ ಕೂಗುತ್ತಾಳೆ.
ಆಚೆಯಿಂದ ಉತ್ತರ ಬರುವವರೆಗೆ ಮಲಗುವುದಿಲ್ಲ.
ಆ ಕಿಟಕಿಯ ಲಾಟೀನೂ
ಅಲ್ಲಿಯವರೆಗೆ ಆರುವುದಿಲ್ಲ.